ಫ್ಯಾಕ್ಸ್ ಕಾಲಂ ಕಾಯುವ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಎರಡು ಕಂಪ್ಯೂಟರ್ ಮುಂದಿಟ್ಟುಕೊಂಡು ಅಲ್ಲಿನ ಗುಮಾಸ್ತೆ ಫ್ಯಾಕ್ಸ್ ಅಕ್ಕ ಕೂತಿದ್ದಾರೆ. ಎಡಗಡೆಯದರಲ್ಲಿ ಇಪ್ಪತ್ತೆರಡು ವರ್ಷದ ಹಳೆಯ ಸಾಫ್ಟ್‌ವೇರ್, ಬಲಗಡೆಯದರಲ್ಲಿ ಹೊಸದು. ಗಂಡ ಫ್ಲಾಸ್ಕಿಗೆ ತುಂಬಿಕೊಟ್ಟ ಚಹಾ ಹಾಗೇ ಇದೆ. ಶುಕ್ರವಾರ ಸಂಜೆ ಹಳೆಯದನ್ನು ನಿಲ್ಲಿಸುತ್ತಾರೆ. ಅಷ್ಟರೊಳಗೆ ಇನ್ನೂ ಐನೂರ ನಲವತ್ತು ರೋಗಿಗಳ ವಿವರ ತಾಳೆ ನೋಡಬೇಕು.

ಅಡ್ಡಹೆಸರಿನ ಕಥೆ ಕೇಳಬೇಕು ನೀವು. ಹಳೆಯ ಸಾಫ್ಟ್‌ವೇರ್ ಬರೆದ ಪುಣ್ಯಾತ್ಮರು, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂದು ಬರೆಯಲು ಜಾಗವನ್ನೇ ಇಟ್ಟಿರಲಿಲ್ಲ. ರೋಗಿಯ ಫ್ಯಾಕ್ಸ್ ನಂಬರಿಗೆ ಮಾತ್ರ ಉದ್ದನೆಯ ಕಾಲಂ. "ಜ್ವರ ಬಂದೋರ ಮನೇಲಿ ಫ್ಯಾಕ್ಸ್ ಎಲ್ಲಿರುತ್ತೆ ಹೇಳಿ? ಖಾಲಿ ಬಿದ್ದಿತ್ತು. ಪೆನ್ಸಿಲಿನ್ ಬೇಡ, ಸಲ್ಫಾ ಬೇಡ ಅಂತ ಅದರಲ್ಲೇ ಬರೀತಾ ಬಂದೆ" ಎನ್ನುತ್ತಾರೆ ಅಕ್ಕ.

ಹೇಗೋ ನಡೆಯುತ್ತಿದ್ದುದನ್ನು ತೆಗೆಯುವುದೇಕೆ? ಹೊಸ ಸಾಫ್ಟ್‌ವೇರ್ ಹಾಕಲು ಬಂದಿರುವ ಎಂಜಿನಿಯರ್ ಬೆರಳು ಮಡಚುತ್ತಾರೆ: ತಯಾರಿಸಿದ ಕಂಪನಿ ಬಾಗಿಲು ಹಾಕಿದೆ, ರಿಪೇರಿ ಬಲ್ಲವರಿಲ್ಲ, ರಕ್ತಪರೀಕ್ಷೆಯ ಹೊಸ ಯಂತ್ರಕ್ಕೂ ಅದಕ್ಕೂ ಹೊಂದಾಣಿಕೆಯಿಲ್ಲ. ಅಕ್ಕನ ಕಾರಣವೇ ಬೇರೆ. ಹೋದ ವರ್ಷ ಅವರು ಟೈಫಾಯ್ಡ್ ಬಂದು ಹತ್ತು ದಿನ ಮಲಗಿದ್ದರು. ಆಗ ಹೊಸ ನರ್ಸ್ ಒಬ್ಬರು ಫ್ಯಾಕ್ಸ್ ಕಾಲಂ ನೋಡಲಿಲ್ಲ. ಪಾಪ, ಯಾಕಾದರೂ ನೋಡಬೇಕು? ಪೆನ್ಸಿಲಿನ್ ಒಗ್ಗದ ಮಗುವಿಗೆ ಅದನ್ನೇ ಚುಚ್ಚುವುದರಲ್ಲಿದ್ದಾಗ ಅದರ ಅಜ್ಜಿ ಕೈ ಹಿಡಿದು ತಡೆದರು.

"ಹಳೇದು ತೆಗೀಬೇಡಿ ಅಂತ ಮೊದಲು ಜಗಳಕ್ಕೆ ನಿಂತೋಳು ನಾನೇ. ಆ ಸುದ್ದಿ ಕೇಳಿದ ಮೇಲೆ ಜಗಳ ಬಿಟ್ಟೆ. ಎಲ್ಲಾನೂ ನನ್ನೊಬ್ಬಳ ತಲೇಲಿ ಇಟ್ಕೊಂಡು ಮಲಗಿದ್ದೆನಲ್ಲ."

ತಮಾಷೆಯೆಂದರೆ, ವಿವರಗಳನ್ನು ಹೊಸದಕ್ಕೆ ಸಾಗಿಸುವಾಗ ಎಂಜಿನಿಯರ್ ಬಿಟ್ಟುಬಿಡಲು ಹೊರಟದ್ದು ಅದೇ ಕಾಲಂ. "ಈಗ ಫ್ಯಾಕ್ಸ್ ಯಾರ ಹತ್ರ ಇದೆ ಅಕ್ಕ?" ಎಂದರಂತೆ. ಅಕ್ಕ ಪರದೆ ತೋರಿಸಿದಾಗ ಆ ಕಾಲಂ ಅನ್ನು ಪಟ್ಟಿಗೆ ಮತ್ತೆ ಸೇರಿಸಿಕೊಂಡರು. ಆರು ಸಾವಿರಕ್ಕೂ ಹೆಚ್ಚು ಮಂದಿಯ ಎಚ್ಚರಿಕೆ ಅಲ್ಲಿತ್ತು. ಅಕ್ಕ ಒಂದೊಂದು ಸಲ ಒಂದೊಂದು ರೀತಿ ಬರೆದಿದ್ದರಿಂದ ಕೈಯಲ್ಲೇ ತುಂಬಬೇಕು. ದಿನಕ್ಕೆ ನೂರ ಎಂಬತ್ತು. ಅನುಮಾನ ಬಂದರೆ ರೋಗಿಗೇ ಫೋನ್. "ಹನ್ನೊಂದು ಜನರದ್ದು ನಿಜವಾಗ್ಲೂ ಫ್ಯಾಕ್ಸ್ ನಂಬರೇ. ಅದಕ್ಕೂ ಫೋನ್ ಮಾಡಿ ಬೈಸಿಕೊಂಡೆ" ಎಂದು ನಗುತ್ತಾರೆ.

ವಾರ್ಡುಗಳಲ್ಲಿ ಆಗಲೇ ಬಳಸತೊಡಗಿರುವ ಹೊಸ ಪರದೆಯ ಮೇಲ್ತುದಿಯಲ್ಲೇ ಕೆಂಪಕ್ಷರವಿದೆ: ಒಗ್ಗದ ಔಷಧಿ. ನಿನ್ನೆ ಅಕ್ಕ ಹೇಗೆ ನಡೆಯುತ್ತಿದೆ ನೋಡೋಣವೆಂದು ವಾರ್ಡಿಗೆ ಹೋಗಿದ್ದರು. ಅದೇ ನರ್ಸ್ ಪರದೆ ಓದಿ, ಔಷಧಿ ಬದಲಿಸಿಕೊಂಡು ಹೋದರು. ಅಕ್ಕನತ್ತ ತಿರುಗಿಯೂ ನೋಡಲಿಲ್ಲ.

ಬೇಜಾರಾಗಲಿಲ್ಲವೇ? ಅಕ್ಕ ಕೊನೆಗೂ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. "ಇಪ್ಪತ್ತೆರಡು ವರ್ಷ ಎಲ್ಲರೂ ನನ್ನನ್ನೇ ಕೇಳೋರು. ಇನ್ಮೇಲೆ ನಾನು ಧೈರ್ಯವಾಗಿ ಕಾಯಿಲೆ ಬೀಳಬಹುದು."