ಬಾಲವಿಲ್ಲದ ಗಿಣಿ

ನೀಲಾ, ಬೆಳವಣಕಿಯ ಮಂದಿ ಆ ದಿನ ಪರದೆಯ ಮೇಲೆ ನೋಡಿದ್ದು ನಿನ್ನ ಕಾಲನ್ನೇ. ಯಾರದೋ ಕಾಲು, ಮನಸ್ಸಿಗೆ ತೋಚಿದಂತೆ ಬರೆದೆ ಎಂದು ನಿನಗೆ ಹೇಳಿದ್ದು ಸುಳ್ಳು.

ರೋಣದ ನಿಮ್ಮ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ನಿನ್ನ ಅಣ್ಣ ಊರೂರು ತಿರುಗಿ, ಕತ್ತಲಾದೊಡನೆ ಬಿಳಿ ಧೋತರ ಕಟ್ಟಿ, ದೀಪದ ಪೆಟ್ಟಿಗೆಯಿಂದ ಸ್ಲೈಡು ತೋರಿಸಿ ನಾರುಹುಣ್ಣಿನ ಬಗ್ಗೆ ತಿಳಿಹೇಳುತ್ತಿದ್ದರು — ಮೆಟ್ಟಿಲ ಬಾವಿಯ ನೀರನ್ನು ಸೋಸದೆ ಕುಡಿದರೆ ಕಾಲಿನಿಂದ ದಾರದಂಥ ಹುಳ ಹೊರಬರುವ ರೋಗ. ಕಾನ್ವೆಂಟಿನಲ್ಲಿ ಗಾಜಿನ ಮೇಲೆ ಬಣ್ಣ ಹಚ್ಚಲು ಕಲಿತಿದ್ದ ನನ್ನ ಪಾಲಿಗೆ ಸ್ಲೈಡು ಬರೆಯುವ ಕೆಲಸ ಬಂತು. ಅಂಗೈಯಗಲದ ಗಾಜು. ಮೊದಲ ಸಲ ಅದರಲ್ಲೇ ಬಾವಿ, ಕೊಡ, ಹುಳ, ಕೆಳಗೆ ಸಾಲುಸಾಲು ಬರವಣಿಗೆ — ಎಲ್ಲ ತುರುಕಿದ್ದೆ. ನರಗುಂದದಲ್ಲಿ ಹಿಂದೆ ಕುಳಿತ ಅಜ್ಜನೊಬ್ಬ, “ಸಾಹೇಬ್ರ, ಇದೇನ್ರಿ, ಇರಿವಿ ಸಂತಿ ಕೂಡೈತೇನು?” ಅಂದನಂತೆ. ಮಂದಿ ಬಿದ್ದು ಬಿದ್ದು ನಕ್ಕರಂತೆ. ನಿನ್ನ ಅಣ್ಣ ಅಂದು ಉಣ್ಣದೆ ಮಲಗಿದರು.

ಆಗ ಕಾನ್ವೆಂಟಿನ ಸಿಸ್ಟರ್ ಹೇಳಿದ್ದು ನೆನಪಾಯಿತು — ಒಂದು ಗಾಜಿಗೆ ಒಂದೇ ಮಾತು. ಕೊನೆಯಲ್ಲಿ ಕುಳಿತವಳಿಗೂ, ಓದು ಬಾರದವಳಿಗೂ ಒಂದೇ ನೋಟಕ್ಕೆ ತಿಳಿಯಬೇಕು. ಅಕ್ಷರಗಳನ್ನೆಲ್ಲ ಬಿಟ್ಟೆ. ಒಂದರಲ್ಲಿ ಬಾವಿಯ ನೀರಿನಲ್ಲಿ ನಿಂತ ಪಾದ, ಇನ್ನೊಂದರಲ್ಲಿ ಕೊಡದ ಬಾಯಿಗೆ ಮಡಿಸಿ ಕಟ್ಟಿದ ಅರಿವೆ. ಹುಣ್ಣಾದ ಕಾಲು ಮಾತ್ರ ಎಷ್ಟು ಬರೆದರೂ ಸೋರೆಕಾಯಿಯಂತೆಯೇ ಕಾಣುತ್ತಿತ್ತು.

ನಾನು ಹತ್ತಿರದಿಂದ ನೋಡಿದ್ದ ಹುಣ್ಣಿನ ಕಾಲು ಒಂದೇ. ಉಗ್ರಾಣದ ಕೋಣೆಯಲ್ಲಿ ಅದನ್ನು ನನ್ನ ತೊಡೆಯ ಮೇಲಿಟ್ಟು ನೀನು ಹೇಳಿದ್ದೆ: “ವೈನಿ, ಯಾರ ಮುಂದೂ ಅನಬ್ಯಾಡ್ರಿ. ಉಳುಕೈತಿ ಅಂತ ಅವ್ವಗ ಹೇಳೇನಿ. ಊರಿಗೆಲ್ಲ ಬುದ್ಧಿ ಹೇಳೋ ಅಣ್ಣನ ಮನ್ಯಾಗ ಹಿಂಗ ಅಂದ್ರ ನಗತಾರ.” ಹುಳದ ತುದಿಯನ್ನು ಬೆಂಕಿಕಡ್ಡಿಗೆ ಸುತ್ತಿ, ಹರಿಯದಂತೆ ದಿನಕ್ಕಿಷ್ಟೇ ಎಳೆದವಳು ನಾನೇ. ಹುಣ್ಣಿನ ಪಕ್ಕ ಹಚ್ಚೆಯ ಗಿಣಿ. ಚಿಕ್ಕವಳಿದ್ದಾಗ ಹಚ್ಚೆ ಚುಚ್ಚುವ ನೋವಿಗೆ ಕಾಲು ಎಳೆದುಕೊಂಡೆಯಂತೆ. ಬಾಲ ಮೂಡದೆ ಉಳಿದಿತ್ತು.

ಆ ಗಿಣಿ ಬರೆದೆ — ಗಾಜಿನ ಮೇಲಿನ ಕಾಲಿಗೆ ಜೀವ ಬಂತು.

ಹುಣ್ಣು ಮಾಯ್ದ ಮೇಲೆ ಬೆಳವಣಕಿಯವರು ನಿನ್ನನ್ನು ನೋಡಲು ಬಂದರು. ಹುಡುಗನ ತಾಯಿ ನಿನ್ನನ್ನು ನಡೆಸಿ ನೋಡಿ, “ಈ ಗಿಣಿ ಬಾಲ ಯಾವ ಬೆಕ್ಕ ತಿಂತವಾ?” ಎಂದು ನಕ್ಕರು. ಅವರು ಮರಳಿದ ಮೇಲೆ ನೀನು ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದೆ…

ನಿನ್ನ ಅಣ್ಣ ಬೆಳವಣಕಿಯಲ್ಲೂ ಸ್ಲೈಡು ತೋರಿಸುವವರಿದ್ದಾರೆಂದು ನನಗೆ ಗೊತ್ತಿತ್ತು. ಬ್ಲೇಡಿನಿಂದ ಒಮ್ಮೆ ಕೆರೆದರೆ ಗಿಣಿ ಹೋಗುತ್ತಿತ್ತು. ಬ್ಲೇಡು ಕೈಗೆತ್ತಿಕೊಂಡಿದ್ದೆ ಕೂಡ. ಆದರೆ ಗಜೇಂದ್ರಗಡದಲ್ಲಿ ಆ ಕಾಲು ಪರದೆಯ ಮೇಲೆ ಬಿದ್ದಾಗ ಹೆಂಗಸರು “ಅಯ್ಯ ಶಿವನ!” ಎಂದು ತಂತಮ್ಮ ಕಾಲು ಮುಟ್ಟಿ ನೋಡಿಕೊಂಡಿದ್ದರು. ನಿನ್ನ ಅಣ್ಣ ಮೊದಲ ಸಲ ನನ್ನನ್ನು ಹೊಗಳಿದ್ದರು — ತಂಗಿಯ ಪಾದವನ್ನು ಅವರು ಯಾವಾಗ ದಿಟ್ಟಿಸಿ ನೋಡಿದ್ದಾರು? ಅಷ್ಟು ಚೆಂದ ಮೂಡಿದ್ದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಬೆಳವಣಕಿಯಲ್ಲಿ ಹೆಂಗಸರ ನಡುವೆ ನಾನೂ ಕುಳಿತಿದ್ದೆ. ಕತ್ತಲಲ್ಲಿ ಆ ತಾಯಿಯ ದನಿ ಕೇಳಿತು: “ಬಾಲಿಲ್ಲದ ಈ ಗಿಣಿ ನಾ ನೋಡೇನಿ.” ಬೈಯಲಿಲ್ಲ. ಬಳೆಗಳ ಸದ್ದಾಯಿತು, ಎದ್ದು ಹೋದರು. ಆಮೇಲೆ ಹೇಳಿಕಳಿಸಿದರು — “ಹುಣ್ಣಾಗಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕ ಈ ಸಂಬಂಧ ಬ್ಯಾಡ.”

“ವೈನಿ, ನನ್ನ ಕಾಲ ಬರದೀರೇನು?” ಎಂದು ನೀನು ಬಾಗಿಲಲ್ಲಿ ನಿಂತು ಕೇಳಿದೆ.

“ಇಲ್ಲವಾ… ಹಚ್ಚಿ ಯಾರ ಕಾಲಿನ್ಯಾಗ ಇರೂದಿಲ್ಲ?”

ನೀನು ನನ್ನ ಮುಖ ನೋಡಲಿಲ್ಲ. ಬೆರಳು ನೋಡಿದೆ. ಉಗುರಿನ ಸಂದಿಯಲ್ಲಿ ಹಸಿರು ಬಣ್ಣವಿತ್ತು.

ಮುಂದೆ ಮೆಣಸಗಿಯಲ್ಲಿ ನಿನ್ನ ಮದುವೆಯಾಯಿತು. ಅರಿಶಿನ ಹಚ್ಚಲು ನಾನು ಬಾಗಿದಾಗ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡು, “ಕಾಲಿಗೆ ಬ್ಯಾಡ್ರಿ,” ಎಂದೆ. ವೈನಿ ಎನ್ನಲಿಲ್ಲ. ಇಂದಿಗೂ ಎಂದಿಲ್ಲ.

ಆ ಗಾಜು ನನ್ನ ಟ್ರಂಕಿನಲ್ಲಿದೆ. ಬೆಳಕಿಗೆ ಹಿಡಿದಾಗಲೆಲ್ಲ ಎಷ್ಟು ಚೆಂದ ಬರೆದಿದ್ದೇನೆ ಎಂದು ಒಂದು ಗಳಿಗೆ ಅನ್ನಿಸುತ್ತದೆ — ನನಗೆ ನಾಚಿಕೆ ಅದರದೇ. ನಿನ್ನ ಅಣ್ಣನಿಗೆ ಇವತ್ತು ಎಲ್ಲ ಹೇಳಿದೆ. ನಾಳೆ ಮೆಣಸಗಿಗೆ ಬಂದು ಗಾಜನ್ನು ನಿನ್ನ ಕೈಗಿಡುತ್ತೇನೆ. ಒಡೆಯುವುದೋ ಇಟ್ಟುಕೊಳ್ಳುವುದೋ ನಿನಗೆ ಬಿಟ್ಟದ್ದು. ಒಳಗೆ ಕರೆಯದಿದ್ದರೆ ಹೊಸ್ತಿಲ ಮೇಲಿಟ್ಟು ಬರುತ್ತೇನೆ.