ಕನ್ನಡಿಗೆ ಅಂಟಿಸಿದ ಕಪ್ಪು ಕಾಗದ

ನಾನು ಮೊದಲು ಸಂಬಳಕ್ಕೆ ಸೇರಿದ್ದು ಶಿಡ್ಲಘಟ್ಟದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುತ್ತಿದ್ದ ಒಂದು ಖಾಸಗಿ ಕೇಂದ್ರಕ್ಕೆ. ಅರವತ್ತರ ದಶಕದ ಆರಂಭದ ಮಾತು. ನನ್ನ ಕೆಲಸ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಊರಲ್ಲಿ ಇದನ್ನು ಹೇಳಿದಾಗ ನಾನೇನೋ ಡಾಕ್ಟರಾಗಿದ್ದೇನೆಂದು ಕೆಲವರು ತಿಳಿದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಮೊಟ್ಟೆಯಿಟ್ಟ ಹೆಣ್ಣು ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಗಾಜಿನ ಪಟ್ಟಿಗೆ ಸವರಿ ನಮ್ಮ ಮುಂದಿಡುತ್ತಿದ್ದರು. ಅದರಲ್ಲಿ ಮೊಟ್ಟೆಯಾಕಾರದ ಹೊಳೆಯುವ ಚುಕ್ಕೆಗಳು ಕಂಡರೆ ತಾಯಿಗೆ ಗಂಟುರೋಗವಿದೆ ಎಂದು ಅರ್ಥ. ಅದು ಇಟ್ಟ ಮೊಟ್ಟೆಗಳನ್ನು ಸುಡಬೇಕು. ಕಾಣದಿದ್ದರೆ ‘ರೋಗವಿಲ್ಲ’ ಎಂದು ಬರೆಯಬೇಕು. ಮೊಟ್ಟೆ ಅಂಟಿರುವ ಹಾಳೆ ರೈತನ ಮನೆಗೆ ಹೋಗುತ್ತದೆ. ತಪ್ಪಿದರೆ ಅವನ ಇಡೀ ಹುಳುಮನೆ ಹಾಳು. ಇಷ್ಟನ್ನು ಮೊದಲ ದಿನವೇ ಕಲಿಸಿದರು. ನೋಡದೆ ಬರೆಯುವುದನ್ನು ಎರಡನೇ ದಿನ ಕಲಿಸಿದರು.

ಕಲಿಸಿದವರು ಚಿಂತಾಮಣಿ ಕಡೆಯ ಒಬ್ಬ ಹಿರಿಯರು. ಮನೆಮಾತು ತೆಲುಗು; ನಾವೆಲ್ಲ ಅವರನ್ನು ಅಯ್ಯ ಎನ್ನುತ್ತಿದ್ದೆವು. ನೋಡುವವರು ನಾವು ಮೂವರು, ತಲೆಗೆ ದಿನಕ್ಕೆ ಇನ್ನೂರು ಪಟ್ಟಿ. “ಇನ್ನೂರು ನೋಡಿದರೆ ಕಣ್ಣು ಹೋಗ್ತದಪ್ಪ, ಇಪ್ಪತ್ತು ನೋಡು, ಮಿಕ್ಕಿದ್ದು ದೇವರು ನೋಡ್ಕೊಳ್ತಾನೆ” ಎಂದು ಅಯ್ಯ ಬುದ್ಧಿ ಹೇಳಿದ್ದರು. ನಾನು ಇನ್ನೂ ಮುಂದೆ ಹೋದೆ. ಬಲಗಣ್ಣನ್ನು ಕೊಳವೆಗೆ ಒತ್ತಿಕೊಂಡು ಕೂತಲ್ಲೇ ನಿದ್ದೆ ಮಾಡುವುದನ್ನು ಸಾಧಿಸಿದೆ. ಕಣ್ಣ ಸುತ್ತ ಬೀಳುವ ದುಂಡು ಗುರುತನ್ನು ನೋಡಿ ಯಜಮಾನರೇ ಒಂದು ಸಲ, “ಪಾಪ, ಎಷ್ಟು ಕಷ್ಟಪಡ್ತಾನೆ ಹುಡುಗ” ಎಂದಿದ್ದರು.

ಹೀಗಿರುವಾಗ ಗೌರಿಬಿದನೂರಿನಿಂದ ಹೊಸ ಮ್ಯಾನೇಜರು ಬಂದರು. ದಪ್ಪ ಮನುಷ್ಯ, ಖಾಕಿ ಚಡ್ಡಿ, ಜೇಬಿನ ತುಂಬ ಹುರಿದ ಕಡಲೇಕಾಯಿ. ಬಂದು ವಾರವಾದರೂ ಒಂದು ಪ್ರಶ್ನೆ ಕೇಳಲಿಲ್ಲ. ಇವರನ್ನು ಸುಲಭವಾಗಿ ನಿಭಾಯಿಸಬಹುದು ಎಂದು ನಾವು ತೀರ್ಮಾನಿಸಿದೆವು.

ಎಂಟನೇ ದಿನ ಮಧ್ಯಾಹ್ನ, ಊಟಕ್ಕೆ ಏಳುವ ಹೊತ್ತಿಗೆ ಬಂದು ನಿಂತರು.

“ಬೆಳಕು ಹೆಂಗಿದೆ ಇವತ್ತು?”

“ಚೆನ್ನಾಗಿದೆ ಸಾರ್,” ಎಂದೆ ನಾನು.

“ಏನಾದ್ರೂ ಸಿಕ್ತಾ?”

“ಏಮೀ ಕನಪಡಲೇದು ಸಾರ್,” ಎಂದರು ಅಯ್ಯ. ಏನೂ ಕಾಣಿಸಲಿಲ್ಲ ಎಂದು.

“ನಿಜ ಹೇಳಿದ್ರಿ,” ಎಂದು ಮ್ಯಾನೇಜರು ಬಗ್ಗಿ, ಮೂರು ಮೈಕ್ರೋಸ್ಕೋಪುಗಳ ಕೆಳಗೆ ಕಿಟಕಿಯ ಬೆಳಕನ್ನು ಹಿಡಿಯುವ ಪುಟ್ಟ ಕನ್ನಡಿಗಳಿಂದ ಒಂದೊಂದು ಕಪ್ಪು ಕಾಗದ ಕಿತ್ತು ಮೇಜಿನ ಮೇಲಿಟ್ಟರು. ಬೆಳಿಗ್ಗೆ ನಾವು ಬರುವ ಮೊದಲೇ ಅಂಟಿಸಿದ್ದರು. ಒಂದು ಸಲ, ಒಂದೇ ಸಲ ಇಣುಕಿದ್ದರೂ ಒಳಗೆ ಬರೀ ಕತ್ತಲೆ ಕಾಣಬೇಕಿತ್ತು. ಇಪ್ಪತ್ತು ನೋಡು ಎಂದಿದ್ದ ಅಯ್ಯನೂ ಇಣುಕಿರಲಿಲ್ಲ. ನಾನಾಗಲೇ ತೊಂಬತ್ತು ಚಿಟ್ಟೆಗಳಿಗೆ ಆರೋಗ್ಯ ದಯಪಾಲಿಸಿದ್ದೆ.

ಕೆಲಸ ಹೋಯಿತು ಎಂದುಕೊಂಡೆ. ಅವರು ಸ್ಟೂಲ್ ಎಳೆದು ಕೂತು, ಕಡಲೇಕಾಯಿ ಸುಲಿಯುತ್ತ ಕೇಳಿದ್ದು ಇಷ್ಟೇ: “ಯಾಕೆ ನೋಡಲ್ಲ?”

ಹೆದರಿಕೆಗೋ ಏನೋ, ಅಯ್ಯ ನಿಜವನ್ನೇ ಹೇಳಿಬಿಟ್ಟರು. “ಇನ್ನೂರು ನೋಡಿ ಅಂದೋರು ಒಂದು ದಿನ ಇನ್ನೂರು ನೋಡ್ಲಿ ಸಾರ್.”

ಮರುದಿನ ಮ್ಯಾನೇಜರು ಬೆಳಗಿನಿಂದ ಸಂಜೆಯವರೆಗೆ ಕೂತು ಇನ್ನೂರು ನೋಡಿದರು. ಸಂಜೆ ಎದ್ದಾಗ ಬಾಗಿಲೆಂದು ಬೀರುವಿನ ಕಡೆ ನಡೆದರು. ಆಮೇಲೆ ಯಜಮಾನರ ಹತ್ತಿರ ಹೋಗಿ ಅದೇನು ವಾದ ಮಾಡಿದರೋ, ತಲೆಗೆ ಎಂಬತ್ತು ಎಂದಾಯಿತು. ನಾಲ್ಕನೇ ಮೈಕ್ರೋಸ್ಕೋಪು ತರಿಸಿ ಅದಕ್ಕೆ ತಾವೇ ಕೂತರು. “ನಿಮ್ಮದನ್ನ ನಾನು ಮಧ್ಯೆ ಮಧ್ಯೆ ನೋಡ್ತೀನಿ. ನಂದನ್ನ ನೀವು ನೋಡಿ.”

ಕನ್ನಡಿಯ ಸೇಡು ನನ್ನಲ್ಲಿ ಉಳಿದಿತ್ತು. ಇವರು ಎಷ್ಟು ನಿಜವಾಗಿ ನೋಡುತ್ತಾರೋ ಪರೀಕ್ಷಿಸೋಣವೆಂದು ಒಂದು ದಿನ ಬುತ್ತಿಯ ರಾಗಿಮುದ್ದೆಯ ಚೂರನ್ನು ನೀರಿನಲ್ಲಿ ಕದಡಿ, ಗಾಜಿಗೆ ಸವರಿ, ಅವರ ಪಟ್ಟಿಗಳ ನಡುವೆ ಸೇರಿಸಿದೆ. ಸಂಜೆ ಫಲಿತಾಂಶ ಬರೆಯುವ ಪುಸ್ತಕ ತೆರೆದರೆ ಆ ಪಟ್ಟಿಯ ಸಂಖ್ಯೆಯ ಎದುರು ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ರೋಗವಿಲ್ಲ. ರಾಗಿ. ಬೇಯಿಸಿದ್ದು ಸಾಲದು.’

ಅದಾದ ಮೇಲೆ ನಾನು ನೋಡತೊಡಗಿದೆ. ಹೆದರಿ ಅಲ್ಲ. ಆ ಮನುಷ್ಯನೆದುರು ನಿದ್ದೆ ಮಾಡಲು ನಾಚಿಕೆಯಾಯಿತು.

ಅಯ್ಯನವರಿಗೆ ಬೇರೆಯೇ ಹುಚ್ಚು ಹಿಡಿಯಿತು: ಮ್ಯಾನೇಜರ ತಪ್ಪು ಹಿಡಿಯುವುದು. ಮೂರು ವಾರ ಹುಡುಕಿ ಒಂದನ್ನು ಹಿಡಿದೇಬಿಟ್ಟರು. ಮ್ಯಾನೇಜರು ರೋಗವಿಲ್ಲವೆಂದು ಬಿಟ್ಟ ಪಟ್ಟಿಯಲ್ಲಿ ಎರಡು ಚುಕ್ಕೆ. ನಾವು ಅದನ್ನು ಅವರ ಮುಂದಿಟ್ಟೆವು. ಅವರು ಕಣ್ಣಿಟ್ಟು ನೋಡಿದರು, ಗೋಡೆಯ ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣದಲ್ಲಿ ಬರೆದರು: ‘ಇವತ್ತು ತಪ್ಪಿದವನು ನಾನು. ಹಿಡಿದವರು ಅಯ್ಯ.’ ಕೆಳಗೆ ಸಹಿ. ಅಯ್ಯ ಆ ವಾರವೆಲ್ಲ ಶಿಡ್ಲಘಟ್ಟದ ಬೀದಿಗಳಲ್ಲಿ ಬೀಗರ ಹಾಗೆ ಓಡಾಡಿದರು. ಬರುಬರುತ್ತ ನಾವು ಮೂವರೂ ನಮ್ಮ ತಪ್ಪುಗಳನ್ನು ಹಲಗೆಗೆ ಬರೆಯತೊಡಗಿದೆವು. ಬರೆದವರನ್ನು ಯಾರೂ ಬೈಯುತ್ತಿರಲಿಲ್ಲವಾದ್ದರಿಂದ ಬಚ್ಚಿಡುವುದೇ ಹೆಚ್ಚು ಕೆಲಸವೆನಿಸುತ್ತಿತ್ತು.

ನಿಜವಾದ ಪೇಚಿಗೆ ಸಿಕ್ಕಿದ್ದು ಮುಂಗಾರಿನ ಬೆಳೆಗೆ. ಸಾದಲಿ ಕಡೆಯ ಹಳ್ಳಿಗಳಿಗೆ ಹೋಗಬೇಕಾದ ಮೊಟ್ಟೆಗಳ ದೊಡ್ಡ ತಂಡ. ನಾಲ್ಕನೇ ಪಟ್ಟಿಯಲ್ಲೇ ನನಗೆ ಚುಕ್ಕೆಗಳು ಕಂಡವು. ಒಂಬತ್ತರಲ್ಲಿ ಮತ್ತೆ, ಹನ್ನೊಂದರಲ್ಲಿ ಮತ್ತೆ. ನನ್ನ ಊರು ಸಾದಲಿಯ ಪಕ್ಕದ್ದೇ. ಅಮ್ಮ ಆಗಲೇ ಹುಳುಮನೆ ಸಾರಿಸಿ, ಚಿಗುರಿದ ಹಿಪ್ಪುನೇರಳೆ ನೋಡಿಕೊಂಡು ಮೊಟ್ಟೆಗೆ ಕಾಯುತ್ತಿದ್ದಳು. ಸುಮ್ಮನಿದ್ದುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಎದ್ದು ಹೋಗಿ ಮ್ಯಾನೇಜರಿಗೆ ಹೇಳಿದೆ. ನಾಲ್ವರೂ ನೋಡಿದೆವು. ಇಷ್ಟು ತಾಯಿಗಳಿಗೆ ರೋಗವಿದ್ದರೆ ಮಿಕ್ಕವನ್ನೂ ನಂಬುವಂತಿಲ್ಲ; ಇಡೀ ತಂಡ ಸುಡಬೇಕಿತ್ತು.

ಯಜಮಾನರು ಓಡಿ ಬಂದರು. “ಎಲ್ಲಾದಕ್ಕೂ ರೋಗ ಇಲ್ಲವಲ್ಲ? ಒಂದೊಂದು ಮನೆಗೆ ಒಂದೊಂದು ಹಾಳೆ ಹಂಚಿಬಿಡಿ, ಯಾರಿಗೆ ಗೊತ್ತಾಗ್ತದೆ.”

ಮ್ಯಾನೇಜರು ಎದುರು ಹೇಳಲಿಲ್ಲ. ವಿನಯದಿಂದ ತಲೆಯಾಡಿಸಿ, “ಆಗಲಿ ಸಾರ್. ಅಂಬಾಜಿದುರ್ಗದ ಹತ್ರ ನಿಮ್ಮದೇ ಹುಳುಮನೆ ಇದೆಯಲ್ಲ, ಮೊದಲ ಹಾಳೆ ಅಲ್ಲಿಗೆ ನಾನೇ ಕೊಟ್ಟು ಬರ್ತೀನಿ,” ಎಂದು ಟೋಪಿ ಎತ್ತಿಕೊಂಡರು.

ಯಜಮಾನರು ಅವರನ್ನೂ, ಟೋಪಿಯನ್ನೂ ನೋಡಿದರು. “ಸುಡ್ರಪ್ಪ,” ಎಂದು ಹೊರಟುಹೋದರು.

ಮೊಟ್ಟೆ ತಡವಾಗುತ್ತದೆಂದು ರೈತರಿಗೆ ಹೇಳಲು ಮ್ಯಾನೇಜರೇ ನನ್ನನ್ನು ಕರೆದುಕೊಂಡು ಹಳ್ಳಿಹಳ್ಳಿ ಸುತ್ತಿದರು. ನಮ್ಮ ಮನೆಗೂ ಬಂದರು. ಅಮ್ಮ ಅಂಗಳದಲ್ಲೇ ನಿಲ್ಲಿಸಿ ಬೈದಳು: “ಸೊಪ್ಪು ಬಲೀತಾ ಇದೆ, ಇವರು ಬರೀ ಕೈಲಿ ಬರ್ತಾರೆ.” ಅವರು ಕೈಕಟ್ಟಿ ಕೇಳಿಸಿಕೊಂಡರು. ಕಂಡುಹಿಡಿದದ್ದು ನಾನು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನನಗೆ ಅವತ್ತು ಊಟವಿರುತ್ತಿರಲಿಲ್ಲ.

ಮುಂದಿನ ತಂಡದಿಂದ ಪ್ರತಿ ಹಾಳೆಯ ಮೂಲೆಯಲ್ಲಿ ನೋಡಿದವರ ಸಹಿ ಇರಬೇಕೆಂದು ಯಜಮಾನರೇ ಅಪ್ಪಣೆ ಮಾಡಿದರು. ನಾನು ಎರಡು ದಿನ ಸಹಿ ಅಭ್ಯಾಸ ಮಾಡಿ, ಕೊನೆಗೆ ಬಾಲವುಳ್ಳ ಒಂದನ್ನು ಆರಿಸಿಕೊಂಡೆ. ಹುಳು ಚೆನ್ನಾಗಿ ಎದ್ದವು, ಗೂಡು ಗಟ್ಟಿಯಾದವು. ಮರುಬೆಳೆಗೆ ರೈತರು ಬಾಗಿಲಲ್ಲಿ ನಿಂತು, “ಮ್ಯಾನೇಜರ್ ತಪ್ಪೇ ಹಿಡಿದ್ರಂತಲ್ಲ, ಆ ತೆಲುಗಯ್ಯ ನೋಡಿದ್ದು ಕೊಡ್ರಿ” ಎಂದು ಕೇಳತೊಡಗಿದರು. ನನ್ನ ಬಾಲದ ಸಹಿಯ ಹಾಳೆಗಳು ಕೊನೆಗೆ ಉಳಿಯುತ್ತಿದ್ದವು. ಸಾಲಿನಲ್ಲಿ ನಿಂತಿದ್ದ ಅಮ್ಮನಿಗೆ ನಾನೇ ಎದ್ದು ಹೋಗಿ ನನ್ನದೊಂದು ಹಾಳೆ ಕೊಟ್ಟೆ. ಅವಳು ಮೂಲೆ ತಿರುಗಿಸಿ ನೋಡಿ, ಮೆಲ್ಲಗೆ ವಾಪಸ್ಸು ಕೊಟ್ಟಳು.

“ನೀನು ಬೇಜಾರು ಮಾಡ್ಕೋಬೇಡ ಕಣಪ್ಪ. ನಂಗೂ ಅಯ್ಯಂದೇ ಇರಲಿ.”