ಮುಖ ಓದುವ ಭಾವ

ಮೊನ್ನೆ ನಮ್ಮ ಭಾವ ತಮ್ಮ ಕಣ್ಣು ಯಾರಿಗೂ ಕಾಣಬಾರದೆಂದು ಕಪ್ಪು ಕನ್ನಡಕ ಹಾಕಿಕೊಂಡು ಪೋಕರ್ ಆಟಕ್ಕೆ ಕೂತರು. ಎದುರಿಗಿದ್ದ ದರ್ಜಿ ಆ ಗಾಜಿನಲ್ಲೇ ಇವರ ಎಲೆಗಳನ್ನೆಲ್ಲ ನೋಡಿಕೊಂಡು ಮೂರು ಆಟ ಗೆದ್ದು, "ಬಲಗಣ್ಣಿನ ರಾಣಿ ಚೆನ್ನಾಗಿದ್ದಾಳೆ ಸಾರ್" ಎಂದ. ಇಷ್ಟಾದರೂ ಭಾವನಿಗೆ ಭಾವ ಓದುವ ಹುಚ್ಚು ಬಿಟ್ಟಿಲ್ಲ. ದರ್ಜಿ ಕಿವಿ ಕೆರೆದರೆ ಬರೀ ಬ್ಲಫ್ ಅಂತೆ, ಔಷಧಿ ಅಂಗಡಿಯವನು ನೀರು ಕುಡಿದರೆ ಅವನ ಕೈಯಲ್ಲಿ ಜೋಡಿ ಎಕ್ಕ ಇದೆಯಂತೆ. ಚಿಲ್ಲರೆ ಕಾಸಿನ ಆಟಕ್ಕೆ ದಪ್ಪನೆಯ ನೋಟ್‌ಬುಕ್ ಬೇರೆ, ಅದರಲ್ಲಿ ಒಬ್ಬೊಬ್ಬರ ಕೆಮ್ಮಿಗೂ ಒಂದೊಂದು ಪುಟ! ಸೋಲಿನ ವಾಸನೆ ಬಡಿದರೆ ಸಾಕು, "ಅಪಾಯ ಕಂಡ ತಕ್ಷಣ ಎಲೆ ಬಿಸಾಕಿ ಎದ್ಬಿಡ್ಬೇಕು ಕಣೋ" ಎಂದು ನನಗೆ ಉಪದೇಶ. ನನ್ನ ಪಿತ್ತ ನೆತ್ತಿಗೇರುವುದು ಇದಕ್ಕಲ್ಲ. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದಾಗಿನಿಂದ ನಮ್ಮಕ್ಕ ಯಾರಿಗೂ ಹೇಳದೆ, ತುಂಬಿದ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಈ ಮಹಾಶಯರು ಎದುರಿಗೇ ಕೂತು ಗಬಗಬ ತಿಂದು, ಒಂದು ಮಾತೂ ಕೇಳದೆ ಇಸ್ಪೀಟು ಹಿಡಿದು ಹೊರಟುಬಿಡುತ್ತಿದ್ದರು. ಕೊನೆಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ಅಲ್ಲಿಂದ ನೇರ ಆಟದ ಮೇಜಿಗೇ ನುಗ್ಗಿ, "ಊರವರ ಕಿವಿ ಮೂಗೆಲ್ಲ ಓದ್ತೀರಲ್ಲ ಭಾವ, ಕಟ್ಕೊಂಡವಳ ಮುಖ ಓದೋಕೆ ಆಗ್ಲಿಲ್ವಾ ನಿಮಗೆ?" ಎಂದು ಕೂಗಾಡಿದೆ. ಭಾವ ಕೈಯಲ್ಲಿದ್ದ ಎಲೆಗಳನ್ನು ಮೆಲ್ಲನೆ ಕೆಳಗಿಟ್ಟರು. "ಮೊದಲನೇ ದಿನಾನೇ ಓದಿದ್ದೆ ಕಣೋ," ಎಂದರು, "ಅದಕ್ಕೇ ದಿನಾ ಎದ್ದು ಇಲ್ಲಿಗೆ ಬರ್ತಿದ್ದೆ."